ಇಂಜಿನಿನ ಎಣ್ಣೆಯ ಆವಿಯೂ ಅದನ್ನು ಹಿಡಿಯುವ ಡಬ್ಬಿಯೂ

ಗ್ರಾಮಗಳ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಸ್ವಂತ ಮೋಟಾರು ಗಾಡಿಯನ್ನು ಇಟ್ಟುಕೊಂಡವರು ಈಗ ಹೇರಳವಾಗಿರುವರು. ಎತ್ತಿನ ಗೊರಸನ್ನೂ ಹೆಗಲನ್ನೂ ನೋಡಿದ ಮಾತ್ರಕ್ಕೆ ಅದರ ಯೋಗ್ಯತೆಯನ್ನು ಹೇಳಬಲ್ಲ ಯಜಮಾನರೂ ಗಾಡಿಯ ಬಾನೆಟ್ಟನ್ನು ಎತ್ತಿದೊಡನೆ ಮೆಕಾನಿಕ್ಕನ ಮುಖವನ್ನೇ ನೋಡಬೇಕಾಗಿ ಬರುವುದು ಆಶ್ಚರ್ಯವೇನೂ ಅಲ್ಲ. ಈಚೆಗೆ ನಾನು ಸರ್ಕೀಟು ಹೋದ ಅನೇಕ ಗ್ರಾಮಗಳಲ್ಲಿ, ಬೀಜದ ವಿಷಯವೂ ಗೊಬ್ಬರದ ವಿಷಯವೂ ಮುಗಿದ ತರುವಾಯ, ಒಂದು ಪ್ರಶ್ನೆಯು ಮೇಲಿಂದ ಮೇಲೆ ಬಂದಿರುತ್ತದೆ. ಹೊಸ ಬಗೆಯ ಪೆಟ್ರೋಲ್ ಗಾಡಿಗಳಿಗೆ ಎಣ್ಣೆ ಹಿಡಿಯುವ ಡಬ್ಬಿಯೊಂದನ್ನು ಜೋಡಿಸಿದರೆ ಇಂಜಿನು ಹೆಚ್ಚು ಕಾಲ ಬಾಳುವುದೆಂದು ಪಟ್ಟಣದಲ್ಲಿ ಹೇಳುವರಂತೆ; ಇದು ನಿಜವೇ, ಹಣವು ವ್ಯರ್ಥವೇ, ಎಂಬುದೇ ಆ ಪ್ರಶ್ನೆ. ನಿಜವೂ ಹೌದು, ಕೆಲವರ ಪಾಲಿಗೆ ವ್ಯರ್ಥವೂ ಹೌದು, ಅಜಾಗರೂಕರ ಪಾಲಿಗೆ ಅಪಾಯಕರವೂ ಹೌದು ಎಂಬುದು ನನ್ನ ಉತ್ತರ. ಅದರ ಕಾರಣಗಳನ್ನು ಇಲ್ಲಿ ವಿವರಿಸುವೆನು.

ಮೊದಲು ಈ ಆವಿಯು ಎಲ್ಲಿಂದ ಬರುವುದೆಂಬುದನ್ನು ತಿಳಿಯತಕ್ಕದ್ದು. ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಅನಿಲದ ಬಹುಭಾಗವು ಸೈಲೆನ್ಸರಿನ ಮೂಲಕ ಹೊರಟುಹೋಗುವುದಷ್ಟೆ. ಆದರೆ ಪಿಸ್ಟನ್ನಿಗೆ ತೊಡಿಸಿರುವ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಅವುಗಳ ಸಂದಿನಿಂದ ಸ್ವಲ್ಪ ಅನಿಲವು ಕೆಳಕ್ಕೆ ನುಸುಳಿ, ಮೇಸ್ತ್ರಿಗಳು ಚೇಂಬರು ಎಂದು ಕರೆಯುವ ಎಣ್ಣೆಯ ತೊಟ್ಟಿಯನ್ನು ಸೇರುತ್ತದೆ. ಅಲ್ಲಿ ಕ್ರ್ಯಾಂಕ್ ದಂಡವು ಮಿನಿಟಿಗೆ ಸಾವಿರಾರು ಸುತ್ತು ತಿರುಗುತ್ತ ಎಣ್ಣೆಯನ್ನು ಕಡೆದು ತುಂತುರು ಮಾಡುತ್ತಿರುವುದು. ಈ ಎಣ್ಣೆಯ ತುಂತುರು, ಉರಿಯದೆ ಉಳಿದ ಪೆಟ್ರೋಲಿನ ಅಂಶ, ಮಸಿ, ನೀರಿನ ಆವಿ ಇವೆಲ್ಲವೂ ಬೆರೆತದ್ದೇ ನಾವು ಹೇಳುತ್ತಿರುವ ಆವಿ. ನೀರು ಎಲ್ಲಿಂದ ಬಂದಿತೆಂದು ಕೇಳಬಹುದು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುವುದು; ಬೆಳಗಿನ ಚಳಿಯಲ್ಲಿ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವ ನೀರು ಇದೇ. ಅದರ ಕಿಂಚಿದ್ಭಾಗವು ಚೇಂಬರಿಗೂ ಇಳಿಯುವುದು.

ಈ ಆವಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡವು ಏರಿ, ದಂಡದ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳನ್ನು ಹೊರಕ್ಕೆ ನೂಕಿಬಿಡುವುದು. ಆದಕಾರಣ ಪ್ರತಿಯೊಂದು ಇಂಜಿನಿಗೂ ಬ್ರೀದರು ಎಂಬ ಉಸಿರುಗೊಳವೆಯನ್ನು ಇಟ್ಟಿರುವರು. ಹಿಂದಿನ ಕಾಲದ ಗಾಡಿಗಳಲ್ಲಿ ಈ ಕೊಳವೆಯು ಗಾಡಿಯ ಕೆಳಗೆ ಸುಮ್ಮನೆ ಜೋತುಬಿದ್ದು ಹೊಗೆಯನ್ನು ರಸ್ತೆಗೆ ಬಿಡುತ್ತಿತ್ತು. ಊರಿನ ಗಾಳಿಯು ಇದರಿಂದ ಕೆಡುವುದನ್ನು ಕಂಡು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ೧೯೬೧ರ ಮಾದರಿಯ ಕಾರುಗಳಿಂದ ಮೊದಲುಗೊಂಡು, ಆವಿಯನ್ನು ಹೊರಕ್ಕೆ ಬಿಡದೆ ಒಂದು ವಾಲ್ವಿನ ಮೂಲಕ ಇಂಜಿನಿನ ಗಾಳಿಯ ದಾರಿಗೇ ಹಿಂದಿರುಗಿಸಿ ಉರಿಸಿಬಿಡುವ ಪದ್ಧತಿಯು ಬಳಕೆಗೆ ಬಂದಿತು. ಈ ವಾಲ್ವಿಗೆ ಪಿ.ಸಿ.ವಿ. ವಾಲ್ವೆಂದು ಹೆಸರು. ನಮ್ಮ ದೇಶದ ಈಗಿನ ಪೆಟ್ರೋಲ್ ಕಾರುಗಳಲ್ಲಿಯೂ ಇದೇ ಏರ್ಪಾಡು ಇರುವುದು.

ಹಳೆಯ ಬಗೆಯ ಇಂಜಿನುಗಳಿಗೆ ಇದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ. ಅವುಗಳಲ್ಲಿ ಕಾರ್ಬೊರೇಟರಾಗಲಿ ಇಂಜೆಕ್ಟರಾಗಲಿ ಗಾಳಿಯ ವಾಲ್ವಿನ ಹಿಂಭಾಗದಲ್ಲಿಯೇ ಪೆಟ್ರೋಲನ್ನು ಸೇರಿಸುವುದರಿಂದ, ಎಣ್ಣೆಯ ಜಿಡ್ಡು ವಾಲ್ವಿನ ಮೇಲೆ ಕೂತರೂ ಪೆಟ್ರೋಲೇ ಅದನ್ನು ತೊಳೆದುಬಿಡುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್ ಎಂಬ ಹೊಸ ಪದ್ಧತಿಯಲ್ಲಿ ಪೆಟ್ರೋಲು ವಾಲ್ವಿನ ಬಳಿಗೆ ಬರುವುದೇ ಇಲ್ಲ. ಅದನ್ನು ಮಹತ್ತಾದ ಒತ್ತಡದಿಂದ ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವರು. ಗಾಡಿಯ ಟೈರಿಗೆ ನಾವು ೩೦ ರಿಂದ ೩೫ ಪೌಂಡು ಗಾಳಿಯನ್ನು ತುಂಬಿಸುವೆವು. ಈ ಇಂಜಿನುಗಳ ಪೆಟ್ರೋಲ್ ಕೊಳವೆಯಲ್ಲಿ ೨,೯೦೦ ಪೌಂಡು ಮತ್ತು ಅದಕ್ಕೂ ಮಿಗಿಲಾದ ಒತ್ತಡವಿರುವುದುಂಟು. ಈ ತತ್ತ್ವವು ಹೊಸದೇನೂ ಅಲ್ಲ. ಜರ್ಮನಿಯ ಮರ್ಸಿಡಿಸ್ ಕಂಪೆನಿಯವರು ೧೯೫೪ರಲ್ಲಿ ಹೊರತಂದ ೩೦೦ ಎಸ್.ಎಲ್. ಕಾರಿನಲ್ಲಿ ಇದು ಇದ್ದಿತು. ಜಪಾನಿನ ಮಿತ್ಸುಬಿಷಿಯವರು ೧೯೯೬ರಲ್ಲಿ ವಿದ್ಯುನ್ಮಾನ ನಿಯಂತ್ರಣದೊಡನೆ ಇದನ್ನು ಸಾಮಾನ್ಯ ಕಾರುಗಳಿಗೆ ತಂದರು. ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಕಾಣುವ, ೨೦೨೦ರಲ್ಲಿ ಹೊರಬಂದ ಥಾರ್ ಜೀಪಿನ ಎರಡು ಲೀಟರಿನ ಪೆಟ್ರೋಲ್ ಇಂಜಿನೂ ಈ ಜಾತಿಯದೇ. ಗಾಡಿಯ ಪುಸ್ತಕದಲ್ಲಾಗಲಿ ಇಂಜಿನಿನ ಮೇಲ್ಮುಚ್ಚಳದ ಮೇಲಾಗಲಿ ಜಿ.ಡಿ.ಐ., ಟಿ.ಜಿ.ಡಿ.ಐ., ಟಿ.ಎಸ್.ಐ. ಮುಂತಾದ ಅಕ್ಷರಗಳಿದ್ದರೆ ಅದು ಡೈರೆಕ್ಟ್ ಇಂಜೆಕ್ಷನ್ ಇಂಜಿನೆಂದು ತಿಳಿಯಬಹುದು.

ಇದರಿಂದ ಪೆಟ್ರೋಲಿನ ಮಿತವ್ಯಯವೂ ಶಕ್ತಿಯೂ ದೊರೆಯುವುದು ನಿಶ್ಚಯ. ಆದರೆ ವಾಲ್ವನ್ನು ತೊಳೆಯುವವರು ಇಲ್ಲವಾದರು. ಆವಿಯೊಡನೆ ಬಂದ ಎಣ್ಣೆಯ ಹನಿಗಳು ಬಿಸಿಯಾದ ವಾಲ್ವಿನ ಬೆನ್ನಿಗೆ ಅಂಟಿ, ಸೀದು, ಪದರಪದರವಾಗಿ ಗಟ್ಟಿಯಾಗುತ್ತವೆ. ಬೆಲ್ಲದ ಕೊಪ್ಪರಿಗೆಯನ್ನು ಉಜ್ಜದೆ ದಿನವೂ ಒಲೆಗೇರಿಸಿದರೆ ತಳದಲ್ಲಿ ಹೇಗೆ ಕರಿಯ ಚಕ್ಕೆ ಕಟ್ಟುವುದೋ ಹಾಗೆಯೇ ಇದೂ. ಹಲವು ಸಾವಿರ ಮೈಲಿ ಓಡಿದ ಮೇಲೆ ಗಾಳಿಯ ದಾರಿಯು ಕಿರಿದಾಗಿ, ಬೆಳಗ್ಗೆ ಇಂಜಿನು ನಡುಗುತ್ತ ಎದ್ದೇಳುವುದು, ಏರಿನಲ್ಲಿ ಎಳೆತ ಸಾಲದಿರುವುದು, ಪೆಟ್ರೋಲು ಹೆಚ್ಚಾಗಿ ಹಿಡಿಯುವುದು ಮುಂತಾದ ಲಕ್ಷಣಗಳು ತೋರುವುವು. ಪೆಟ್ರೋಲಿನೊಡನೆ ಬೆರೆಸುವ ಔಷಧಗಳು ಈ ವಾಲ್ವನ್ನು ಮುಟ್ಟಲಾರವು. ಪೆಟ್ರೋಲೇ ಅಲ್ಲಿಗೆ ಹೋಗದಿರುವಾಗ ಔಷಧವು ಹೋಗುವುದೆಂತು? ಗಾಳಿಯ ಮ್ಯಾನಿಫೋಲ್ಡನ್ನು ಬಿಚ್ಚಿ ಅಕ್ರೋಟು ಚಿಪ್ಪಿನ ಪುಡಿಯನ್ನು ರಭಸದ ಗಾಳಿಯೊಡನೆ ಊದಿ ಆ ಚಕ್ಕೆಯನ್ನು ತೆಗೆಯುವುದೇ ನೆಚ್ಚತಕ್ಕ ಉಪಾಯ. ಇದಕ್ಕೆ ಬೇಕಾದ ಉಪಕರಣವು ಹೋಬಳಿಯ ಗ್ಯಾರೇಜುಗಳಲ್ಲಿ ಸಿಕ್ಕುವುದು ದುರ್ಲಭ. ಈ ದೋಷವನ್ನು ಕಂಡೇ ಜಪಾನಿನ ಟೊಯೋಟಾ ಮುಂತಾದ ಕೆಲವು ತಯಾರಕರು ತಮ್ಮ ಕೆಲವು ಇಂಜಿನುಗಳಲ್ಲಿ ಎರಡು ಬಗೆಯ ಇಂಜೆಕ್ಟರುಗಳನ್ನೂ ಇಟ್ಟಿರುವರು. ಅಂಥವುಗಳಿಗೆ ಈ ಚಿಂತೆಯು ಕಡಮೆ.

ಚಕ್ಕೆ ಕಟ್ಟುವುದಕ್ಕೆ ಮೊದಲೇ ಎಣ್ಣೆಯನ್ನು ದಾರಿಯಲ್ಲಿ ತಡೆಯುವುದೇ ನಾವು ಹೇಳುತ್ತಿರುವ ಡಬ್ಬಿಯ ಕೆಲಸ. ಅರ್ಧ ಲೀಟರು ಅಥವಾ ಅದರ ಆಸುಪಾಸು ಹಿಡಿಯುವ ಲೋಹದ ಪಾತ್ರೆಯಿದು. ಒಂದು ಬಾಯಿಂದ ಆವಿಯು ಒಳಕ್ಕೆ ಬಂದು, ವಿಶಾಲವಾದ ಜಾಗದಲ್ಲಿ ವೇಗವು ತಗ್ಗಿ, ತಡಿಕೆಗಳಿಗೆ ತಾಗಿ ದಿಕ್ಕು ಬದಲಾಯಿಸಿ, ತಂತಿಯ ಜಾಲರಿಯ ಮೂಲಕ ಹಾಯ್ದು ಮತ್ತೊಂದು ಬಾಯಿಂದ ಹೊರಡುವುದು. ಅನ್ನದ ತಪ್ಪಲೆಯ ಮುಚ್ಚಳದಲ್ಲಿ ಹಬೆಯು ಹನಿಗಟ್ಟುವಂತೆ, ಎಣ್ಣೆಯೂ ನೀರೂ ಜಾಲರಿಯಲ್ಲಿ ಹನಿಗಟ್ಟಿ ತಳಕ್ಕಿಳಿಯುವುವು. ತಳದಲ್ಲಿ ಬರಿದು ಮಾಡುವ ತಿರುಗಣೆಯೂ, ಮಟ್ಟವನ್ನು ನೋಡುವ ಕಡ್ಡಿಯೂ ಇರಬೇಕು. ಒಳಗೆ ಏನೂ ಇಲ್ಲದ ಬರಿಯ ಡಬ್ಬಿಗಳನ್ನು ಬಣ್ಣ ಹಚ್ಚಿ ಮಾರುವುದುಂಟು. ಅವುಗಳಲ್ಲಿ ಆವಿಯು ಬಂದ ಹಾಗೆಯೇ ಹೋಗುವುದು. ಕೆಲವು ಕಡೆ ಇಂಥ ಡಬ್ಬಿಯೊಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ ಕೊಡುವರು. ಇದು ಬಹಳ ಕೆಟ್ಟ ಕೆಲಸ. ನಾರಿನ ತುಣುಕೊಂದು ಕಿತ್ತು ಇಂಜಿನಿಗೆ ಹೋದರೆ ಆಗುವ ನಷ್ಟವು ಡಬ್ಬಿಯ ಬೆಲೆಯ ನೂರ್ಮಡಿಯಾಗುವುದು. ಕೊಳ್ಳುವ ಮೊದಲು ಮುಚ್ಚಳವನ್ನು ಬಿಚ್ಚಿಸಿ ಒಳಗನ್ನು ನೋಡಿಯೇ ಕೊಳ್ಳಬೇಕು.

ಡಬ್ಬಿಯನ್ನು ಯಾವ ಕೊಳವೆಗೆ ಜೋಡಿಸಬೇಕೆಂಬುದರಲ್ಲಿಯೇ ಬಹಳ ಮಂದಿ ಎಡವುವರು. ಇಂಜಿನಿಗೆ ಎರಡು ಉಸಿರುದಾರಿಗಳುಂಟು. ಗಾಡಿಯು ನಿಧಾನವಾಗಿ ಓಡುವಾಗ ಅಥವಾ ನಿಂತಲ್ಲಿಯೇ ಇಂಜಿನು ತಿರುಗುತ್ತಿರುವಾಗ ಮ್ಯಾನಿಫೋಲ್ಡಿನಲ್ಲಿ ಹೀರುವ ಬಲವು ಹೆಚ್ಚು; ಆಗ ಆವಿಯು ಪಿ.ಸಿ.ವಿ. ವಾಲ್ವಿನ ಮೂಲಕ ಮ್ಯಾನಿಫೋಲ್ಡಿಗೆ ಹೋಗುವುದು, ಏರ್ ಫಿಲ್ಟರಿನ ಕಡೆಯ ಇನ್ನೊಂದು ಕೊಳವೆಯಿಂದ ಶುದ್ಧ ಗಾಳಿಯು ಚೇಂಬರಿಗೆ ಬರುವುದು. ಟರ್ಬೊ ಇರುವ ಇಂಜಿನಿನಲ್ಲಿ ಆಕ್ಸಿಲರೇಟರನ್ನು ಬಲವಾಗಿ ಒತ್ತಿದಾಗ ಕ್ರಮವು ತಿರುಗಿಬೀಳುವುದು. ಮ್ಯಾನಿಫೋಲ್ಡಿನಲ್ಲಿ ಒತ್ತಡವೇರಿ ವಾಲ್ವು ಮುಚ್ಚಿಕೊಂಡು, ಆವಿಯು ಎರಡನೆಯ ಕೊಳವೆಯಿಂದ ಟರ್ಬೊವಿನ ಮುಂಭಾಗಕ್ಕೆ ಹೋಗುವುದು. ಆದುದರಿಂದ ಮೊದಲನೆಯ ದಾರಿಗೆ ಮಾತ್ರ ಡಬ್ಬಿಯನ್ನಿಟ್ಟರೆ ನಿಧಾನವಾದ ಓಟದ ಆವಿಯನ್ನು ಮಾತ್ರ ಹಿಡಿದಂತಾಯಿತು. ಹೊರೆ ಹೇರಿಕೊಂಡು ಘಾಟಿ ಹತ್ತುವವರು ಎರಡು ದಾರಿಗಳಿಗೂ ಏರ್ಪಾಡು ಮಾಡಿಸತಕ್ಕದ್ದು. ಕೆಲವು ಇಂಜಿನುಗಳಲ್ಲಿ ಪಿ.ಸಿ.ವಿ. ವಾಲ್ವು ಮೇಲ್ಮುಚ್ಚಳದೊಳಗೇ ಅಡಗಿದ್ದು ಹೊರಗೆ ಕೊಳವೆಯೇ ಕಾಣದು. ಅಂಥವುಗಳಿಗೆ ಆ ಇಂಜಿನಿಗೆಂದೇ ಮಾಡಿದ ಜೋಡಣೆಯ ಭಾಗಗಳು ಸಿಕ್ಕದಿದ್ದರೆ ಆಸೆಯನ್ನು ಬಿಡುವುದೇ ಮೇಲು.

ಜೋಡಿಸುವ ಕೆಲಸವು ಕಷ್ಟವಾದುದಲ್ಲ. ಇಂಜಿನು ಪೂರ್ತಿಯಾಗಿ ತಣ್ಣಗಾದ ಮೇಲೆ ಕೈಹಾಕಬೇಕು. ಡಬ್ಬಿಯನ್ನು ಅಲುಗಾಡದಂತೆ ಪಟ್ಟಿಯಿಂದ ಗಾಡಿಯ ಮೈಗೆ ಬಿಗಿಯುವುದು ಉತ್ತಮ. ಟರ್ಬೊ ಮತ್ತು ಸೈಲೆನ್ಸರಿನ ಕಾವಿನಿಂದ ದೂರವಾಗಿಯೂ ಗಾಳಿಯಾಡುವ ಕಡೆಯಲ್ಲಿಯೂ ಇರಬೇಕು, ಏಕೆಂದರೆ ತಣ್ಣಗಿದ್ದಷ್ಟೂ ಆವಿಯು ಚೆನ್ನಾಗಿ ಹನಿಗಟ್ಟುವುದು. ಕೊಳವೆಯ ವಿಷಯದಲ್ಲಿ ಜಿಪುಣತನವು ಸಲ್ಲದು. ತೋಟಕ್ಕೆ ನೀರು ಬಿಡುವ ಪೈಪಾಗಲಿ ರೇಡಿಯೇಟರಿನ ನೀರಿನ ಪೈಪಾಗಲಿ ಎಣ್ಣೆಯ ಆವಿಗೆ ಉಬ್ಬಿ, ಮೆತ್ತಗಾಗಿ, ಹೀರುವ ಬಲಕ್ಕೆ ಒಳಕ್ಕೆ ಕುಸಿದು ದಾರಿಯನ್ನೇ ಮುಚ್ಚಿಬಿಡುವುದು. ನೈಟ್ರೈಲ್ ರಬ್ಬರಿನ, ಎಣ್ಣೆ ತಡೆಯುವ ಹೋಸನ್ನೇ ಕೇಳಿ ತರಬೇಕು. ಅದರ ಒಳಅಳತೆಯು ಮೂಲ ಕೊಳವೆಗಿಂತ ಕಿರಿದಾಗಿರಕೂಡದು. ಕೊಳವೆಯು ಮಧ್ಯದಲ್ಲಿ ತೊಟ್ಟಿಲಿನಂತೆ ಜೋತುಬಿದ್ದರೆ ಅಲ್ಲಿಯೇ ಎಣ್ಣೆಯೂ ನೀರೂ ನಿಂತು ತಡೆಯುಂಟಾಗುವುದು. ಇಂಜಿನಿನ ಕಡೆಯಿಂದ ಬರುವುದು ಡಬ್ಬಿಯ ಒಳಬಾಯಿಗೆ, ಡಬ್ಬಿಯ ಹೊರಬಾಯಿಂದ ಹೊರಡುವುದು ಗಾಳಿಯ ದಾರಿಗೆ. ಇದನ್ನು ಹಿಂದುಮುಂದಾಗಿ ಹಾಕಿದವರನ್ನು ನಾನು ಕಂಡಿದ್ದೇನೆ. ಕಂಪೆನಿಯ ಮೂಲ ಕೊಳವೆಯನ್ನು ಕತ್ತರಿಸದೆ ಬಿಚ್ಚಿ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪೆಟ್ರೋಲಿನ ಒತ್ತಡದ ಲೋಹದ ಕೊಳವೆಗಳ ಬಳಿ ಸ್ಪಾನರನ್ನು ಕೊಂಡೊಯ್ಯಲೇ ಕೂಡದು. ಆ ಒತ್ತಡದಲ್ಲಿ ಚಿಮ್ಮಿದ ಪೆಟ್ರೋಲು ಚರ್ಮವನ್ನು ತೂರಿ ಮಾಂಸವನ್ನು ಹೊಗುವುದು.

ಜೋಡಿಸಿದ ತರುವಾಯ ಇಂಜಿನನ್ನು ಎಬ್ಬಿಸಿ ಪ್ರತಿಯೊಂದು ಸೇರುವೆಯ ಬಳಿಯೂ ಕಿವಿಗೊಟ್ಟು ಕೇಳಬೇಕು. ಬುಸ್ಸೆಂಬ ಸದ್ದು ಕೇಳಿದರೆ ಅಥವಾ ಇಂಜಿನು ಏರುಪೇರಾಗಿ ತಿರುಗಿದರೆ ಎಲ್ಲಿಯೋ ಗಾಳಿಯು ಕಳ್ಳದಾರಿಯಿಂದ ಒಳಕ್ಕೆ ಹೋಗುತ್ತಿದೆಯೆಂದು ತಿಳಿಯಬೇಕು. ಎದುರಿನ ಹಲಗೆಯಲ್ಲಿ ಇಂಜಿನಿನ ದೀಪವು ಹೊತ್ತಿಕೊಳ್ಳುವುದೂ ಇದೇ ಕಾರಣದಿಂದ.

ಡಬ್ಬಿಯನ್ನು ಹಾಕಿಸುವುದಕ್ಕಿಂತ ಬರಿದು ಮಾಡುವುದೇ ಮುಖ್ಯವೆಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆನು. ಬೇಸಗೆಯಲ್ಲಿ ನನ್ನ ಗಾಡಿಗೆ ಡಬ್ಬಿಯೊಂದನ್ನು ಹಾಕಿಸಿ, ಮೊದಲ ತಿಂಗಳು ಎರಡು ಚಮಚದಷ್ಟು ಎಣ್ಣೆಯನ್ನು ಕಂಡು, ಇದಕ್ಕೆ ಅವಸರವೇನೆಂದು ಮರೆತುಬಿಟ್ಟೆನು. ಆಷಾಢ ಶ್ರಾವಣಗಳೆರಡೂ ಮಲೆನಾಡಿನ ಸರ್ಕೀಟಿನಲ್ಲಿ ಕಳೆದುವು. ಭಾದ್ರಪದದಲ್ಲಿ ಒಂದು ದಿನ ಘಾಟಿಯ ತಿರುವಿನಲ್ಲಿ ಇಂಜಿನು ಕೆಮ್ಮುತ್ತ ದಟ್ಟವಾದ ಹೊಗೆಯನ್ನುಗುಳಿ ನಿಂತುಬಿಟ್ಟಿತು. ಡಬ್ಬಿಯನ್ನು ಬಿಚ್ಚಿ ನೋಡಿದರೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವವು ಕಂಠಮಟ್ಟ ತುಂಬಿ, ಉಕ್ಕಿದ ಭಾಗವನ್ನು ಇಂಜಿನು ಹೀರಿಕೊಂಡಿತ್ತು. ಮಳೆಗಾಲದ ತಂಪಿನಲ್ಲಿ ಎಣ್ಣೆಗಿಂತ ನೀರೇ ಹೆಚ್ಚಾಗಿ ಕೂಡುವುದೆಂಬುದು ಆಗ ತಿಳಿಯಿತು. ತುಂಬಿದ ಡಬ್ಬಿಯು ಡಬ್ಬಿಯಿಲ್ಲದಿರುವುದಕ್ಕಿಂತ ಕೇಡು. ದ್ರವವು ಹೆಚ್ಚಾಗಿ ಸಿಲಿಂಡರನ್ನು ಹೊಕ್ಕರೆ ಪಿಸ್ಟನ್ನಿನ ದಂಡವೇ ಬಾಗಬಹುದು. ಹೊಸದಾಗಿ ಹಾಕಿಸಿದವರು ಮೊದಲು ೫೦೦ ಕಿಲೋಮೀಟರಿಗೊಮ್ಮೆ ನೋಡಿ, ತಮ್ಮ ಗಾಡಿಯ ಅಭ್ಯಾಸವನ್ನು ತಿಳಿದುಕೊಂಡು ಅನಂತರ ಅವಧಿಯನ್ನು ನಿಶ್ಚಯಿಸಿಕೊಳ್ಳಬೇಕು. ಮಳೆಗಾಲದಲ್ಲಿ ಆ ಅವಧಿಯನ್ನು ಅರ್ಧಕ್ಕಿಳಿಸಬೇಕು.

ಇದಕ್ಕಿಂತಲೂ ದೊಡ್ಡ ಅನಾಹುತವೊಂದನ್ನು ಹೇಳಬೇಕಾಗಿದೆ. ಟೊಮೇಟೊ ಬೆಳೆಯುವ ಜಮೀನುದಾರರೊಬ್ಬರ ಸಾಮಾನು ಗಾಡಿಯಲ್ಲಿ ಉಸಿರುಗೊಳವೆಯಿಂದ ಎಣ್ಣೆಯು ಜಿನುಗುತ್ತಿತ್ತು. ಇಂಜಿನು ಹೊಲಸಾಗುವುದೆಂದು ಡ್ರೈವರನು ಕೊಳವೆಯ ಬಾಯಿಗೆ ಮರದ ಬೆಣೆಯೊಂದನ್ನು ಜಡಿದನು. ಜಿನುಗುವುದು ನಿಂತಿತು; ಯಜಮಾನರೂ ಅವನ ಜಾಣ್ಮೆಯನ್ನು ಮೆಚ್ಚಿದರು. ನಾಲ್ಕನೆಯ ದಿನ ರಾತ್ರಿ ಮಾರುಕಟ್ಟೆಯ ಹಾದಿಯಲ್ಲಿ ಹಿಂದಿನ ಆಯಿಲ್ ಸೀಲು ಹಾರಿಹೋಗಿ ಎಣ್ಣೆಯೆಲ್ಲವೂ ರಸ್ತೆಯ ಪಾಲಾಯಿತು. ದೀಪವು ಹೊತ್ತಿದರೂ ಡ್ರೈವರನು ಇನ್ನೆರಡು ಮೈಲಿಯೆಂದು ಓಡಿಸಿದನು. ಬೇರಿಂಗುಗಳು ಕಚ್ಚಿಕೊಂಡು ಇಂಜಿನು ನಿಂತಿತು; ಹೊರೆಯೆಲ್ಲವೂ ಅಲ್ಲಿಯೇ ಕೊಳೆಯಿತು. ರಿಪೇರಿಯ ಖರ್ಚಿಗೆ ಒಂದು ಜೊತೆ ಒಳ್ಳೆಯ ಎತ್ತುಗಳನ್ನು ಕೊಳ್ಳಬಹುದಾಗಿತ್ತು. ಇಂಜಿನಿನ ಉಸಿರನ್ನು ಯಾವ ಕಾರಣಕ್ಕೂ ಕಟ್ಟತಕ್ಕದ್ದಲ್ಲ. ಟ್ರ್ಯಾಕ್ಟರುಗಳಲ್ಲಿ ಕೆಳಕ್ಕೆ ಬಿಟ್ಟಿರುವ ಬ್ರೀದರಿನ ತುದಿಯನ್ನು ಕೆಸರುಗದ್ದೆಯ ಉಳುಮೆಯ ನಂತರ ತಪ್ಪದೆ ನೋಡಬೇಕು. ಬೇಸಗೆಯಲ್ಲಿ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಡಜಗಳು ಮನೆ ಮಾಡಿಕೊಳ್ಳುವುದೂ ಉಂಟು. ತಂತಿಯಿಂದ ಚುಚ್ಚಿ ತೆಗೆದ ಬಳಿಕವೇ ಇಂಜಿನನ್ನು ಎಬ್ಬಿಸಬೇಕು.

ಡೀಸಲ್ ಇಂಜಿನಿನವರಿಗೆ ಇನ್ನೊಂದು ಎಚ್ಚರಿಕೆ. ಡೀಸಲ್ ಇಂಜಿನಿಗೆ ತನ್ನ ಚೇಂಬರಿನ ಎಣ್ಣೆಯೂ ಉರುವಲೇ ಆಗಬಲ್ಲುದು. ಕಡ್ಡಿಯ ಗುರುತಿಗೆ ಮೀರಿ ಎಣ್ಣೆಯನ್ನು ತುಂಬಿದರೆ, ಆವಿಯನ್ನು ಗಾಳಿಯ ದಾರಿಗೆ ತಿರುಗಿಸಿರುವ ಗಾಡಿಗಳಲ್ಲಿ ಆ ಎಣ್ಣೆಯು ಹೀರಲ್ಪಟ್ಟು, ಬೀಗದ ಕೈಯನ್ನು ತೆಗೆದರೂ ಇಂಜಿನು ನಿಲ್ಲದೆ ಹುಚ್ಚೆದ್ದು ತಿರುಗಿ ಒಡೆದುಹೋಗುವ ಸಂಭವವುಂಟು. ಅಂಥ ಸಮಯದಲ್ಲಿ ಜನರನ್ನು ದೂರ ಸರಿಸಿ, ಗಾಳಿ ಹೋಗುವ ಬಾಯಿಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚಿ ಉಸಿರು ಕಟ್ಟಿಸಿದರೆ ಮಾತ್ರ ಅದು ನಿಲ್ಲುವುದು. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಕೂಡದು.

ಹಾಗಾದರೆ ಡಬ್ಬಿಯನ್ನು ಯಾರು ಹಾಕಿಸಬೇಕು? ವಾರೆಂಟಿಯ ಅವಧಿಯಿನ್ನೂ ಮುಗಿಯದವರು ಕಂಪೆನಿಯ ಡೀಲರರಿಂದ ಬರವಣಿಗೆಯಲ್ಲಿ ಒಪ್ಪಿಗೆಯನ್ನು ಪಡೆಯದೆ ಕೊಳವೆಯನ್ನು ಮುಟ್ಟಬಾರದು. ರಿಂಗುಗಳು ಸವೆದು ನೀಲಿ ಹೊಗೆಯನ್ನು ಬಿಡುವ ಗಾಡಿಗೆ ಡಬ್ಬಿಯು ಔಷಧವಲ್ಲ. ವಾರಕ್ಕೊಮ್ಮೆ ತುಂಬುವ ಡಬ್ಬಿಯು ಇಂಜಿನನ್ನು ಬಿಚ್ಚಿಸಬೇಕೆಂದು ಹೇಳುತ್ತಿದೆಯೆಂದು ತಿಳಿಯಬೇಕು. ಡಬ್ಬಿಯ ನೆತ್ತಿಯಲ್ಲಿ ಚಿಕ್ಕ ಫಿಲ್ಟರನ್ನಿಟ್ಟು ಆವಿಯನ್ನು ಹೊರಕ್ಕೇ ಬಿಡುವ ಬಗೆಯೊಂದುಂಟು. ಅದು ರಸ್ತೆಯ ಗಾಡಿಗಳಿಗೆ ಹೊಗೆಯ ನಿಯಮಕ್ಕೆ ವಿರುದ್ಧವಾದುದು, ಗಾಡಿಯೊಳಗೂ ನಾತವನ್ನು ತುಂಬುವುದು. ಇನ್ನು ಒಳ್ಳೆಯ ಡಬ್ಬಿಯನ್ನು ಸರಿಯಾಗಿ ಹಾಕಿಸಿದರೂ ವಾಲ್ವಿನ ಮಸಿಯು ಪೂರ್ತಿಯಾಗಿ ನಿಲ್ಲದು. ವಾಲ್ವಿನ ಕಾಂಡದಿಂದ ಜಿನುಗುವ ಎಣ್ಣೆಯೂ, ಸೈಲೆನ್ಸರಿನ ಹೊಗೆಯ ಒಂದು ಭಾಗವನ್ನು ಹಿಂದಕ್ಕೆ ತರುವ ಏರ್ಪಾಡಿದ್ದಲ್ಲಿ ಅದರ ಮಸಿಯೂ ಡಬ್ಬಿಯನ್ನು ಹಾಯ್ದು ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಮ್ಮ ಜಮೀನುದಾರರ ಇಂಜಿನುಗಳನ್ನು ಹೆಚ್ಚಾಗಿ ಕೆಡಿಸುವುದು ಓಡಿಸುವ ಕ್ರಮವೇ. ಮನೆಯಿಂದ ತೋಟಕ್ಕೆ ಒಂದು ಮೈಲಿ, ಅಲ್ಲಿ ನಿಲ್ಲಿಸಿ ಕೆಲಸದವರೊಡನೆ ಮಾತು, ಪುನಃ ಹಾಲಿನ ಡೈರಿಗೆ ಅರ್ಧ ಮೈಲಿ, ಹೀಗೆ ದಿನಕ್ಕೆ ಎಂಟು ಸಲ ಇಂಜಿನನ್ನು ಎಬ್ಬಿಸಿ ಅದು ಬಿಸಿಯಾಗುವ ಮೊದಲೇ ನಿಲ್ಲಿಸುವರು. ಇಂಥ ಓಟದಲ್ಲಿ ನೀರೂ ಪೆಟ್ರೋಲೂ ಆವಿಯಾಗಿ ಹೊರಡದೆ ಚೇಂಬರಿನಲ್ಲಿಯೇ ಉಳಿದು ಎಣ್ಣೆಯನ್ನು ಕೆಡಿಸುವುವು. ಅಷ್ಟು ದೂರಕ್ಕೆ ಕಾಲುನಡೆಯೇ ಸಾಕೆಂದರೆ ಯಜಮಾನರು ನಗುವರು. ವಾರಕ್ಕೊಂದು ಸಲವಾದರೂ ಅರ್ಧ ಗಂಟೆಗೆ ಕಡಮೆಯಿಲ್ಲದೆ ರಸ್ತೆಯಲ್ಲಿ ಓಡಿಸಿ, ಕಂಪೆನಿಯವರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ, ಕಿಲೋಮೀಟರು ಮುಗಿಯದಿದ್ದರೂ ಹೇಳಿದ ಅವಧಿಯು ಮುಗಿದೊಡನೆ ಬದಲಾಯಿಸುವವರಿಗೆ ಡಬ್ಬಿಯ ಅಗತ್ಯವು ಅರ್ಧಕ್ಕರ್ಧ ಕಡಮೆಯಾಗುವುದು. ಇಷ್ಟನ್ನು ಮಾಡಿಯೂ ಹೊರೆಯೊಡನೆ ದೂರದ ಮಾರುಕಟ್ಟೆಗೆ ಹೋಗಿಬರುವವರು, ಗಾಡಿಯನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕೆನ್ನುವವರು, ತಿಂಗಳಿಗೊಮ್ಮೆ ಬಾನೆಟ್ಟನ್ನು ಎತ್ತುವ ಅಭ್ಯಾಸವುಳ್ಳವರು ಧಾರಾಳವಾಗಿ ಹಾಕಿಸಬಹುದು.

ಡಬ್ಬಿಯಿಂದ ತೆಗೆದ ದ್ರವವನ್ನು ಪುನಃ ಚೇಂಬರಿಗೆ ಸುರಿಯಕೂಡದು. ಅದರಲ್ಲಿ ನೀರೂ ಆಮ್ಲವೂ ಪೆಟ್ರೋಲೂ ಇರುವುವು. ಗೆದ್ದಲಿಗೆ ಒಳ್ಳೆಯದೆಂದು ತೆಂಗಿನ ಬುಡಕ್ಕೆ ಸುರಿಯುವುದನ್ನು ಕೆಲವು ಗ್ರಾಮಗಳಲ್ಲಿ ನೋಡಿ ನಿಲ್ಲಿಸಿದ್ದೇನೆ. ಇದರಿಂದ ಬೇರಿಗೆ ಕೇಡು, ಬಾವಿ ಹತ್ತಿರವಿದ್ದರೆ ಕುಡಿಯುವ ನೀರಿಗೂ ಕೇಡು. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬದಲ್ಲಿ ಕೂಡಿಟ್ಟು, ಬೆಂಕಿಯಿಂದ ದೂರವಿರಿಸಿ, ಎಣ್ಣೆ ಬದಲಾಯಿಸಲು ಗ್ಯಾರೇಜಿಗೆ ಹೋದಾಗ ಅಲ್ಲಿಯ ಹಳೆಯ ಎಣ್ಣೆಯ ಪೀಪಾಯಿಗೆ ಸೇರಿಸಿಬಿಡತಕ್ಕದ್ದು.